ಮಗ ಮೂರು ದಿನ ಟಿವಿ ಮುಂದೆ ಕೂತು ನೋಡಿದ್ದೇನು?

ಆಟೋಟದ ಬಗ್ಗೆ ಓದುಗರು ಕೇಳಿದ್ದಕ್ಕೆ ಉತ್ತರ. ಬರೆಯುವವರು 31 ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಈಗ ಮೈಸೂರಿಗೆ ಮರಳಿರುವ ನಿವೃತ್ತ ಎಂಜಿನಿಯರ್.

ಪ್ರಶ್ನೆ: ನನ್ನ ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಏಪ್ರಿಲ್‌ನಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ಗುರುವಾರದಿಂದ ಶನಿವಾರದವರೆಗೆ ಟಿವಿ ಬಿಟ್ಟು ಏಳಲಿಲ್ಲ. ಆಟವಂತೂ ಇರಲಿಲ್ಲ. ಯಾರೋ ವೇದಿಕೆ ಮೇಲೆ ಬಂದು ಹೆಸರು ಓದುವುದು, ಒಬ್ಬ ಹುಡುಗ ಬಂದು ಟೋಪಿ ಹಾಕಿಕೊಳ್ಳುವುದು, ಅಷ್ಟೇ. ಒಂದು ಸಲ ಮಾತ್ರ ಮಗ ಸೋಫಾದಿಂದ ಎದ್ದು, "ಇವನ್ಯಾಕೆ? ನಮ್ಮ ಕೋಚ್ ಸಿಸ್ಟಂಗೆ ಇವನು ಕೂರಲ್ಲ!" ಎಂದು ಕೂಗಾಡಿದ. ಇದು ಐಪಿಎಲ್ ಹರಾಜಿನ ಥರಾನಾ? ಕೋಚ್ ಸಿಸ್ಟಂ ಅಂದರೆ ಏನು? ಒಳ್ಳೆ ಆಟಗಾರ ಎಲ್ಲಿ ಹಾಕಿದರೂ ಒಳ್ಳೆ ಆಟಗಾರನೇ ಅಲ್ವಾ?
— ಒಬ್ಬ ತಾಯಿ, ತಿಪಟೂರು

ಉತ್ತರ: ಮಗನ ಮೇಲೆ ಸಿಟ್ಟಾಗಬೇಡಿ ತಾಯಿ. ನಾನೂ ಆ ಮೂರು ದಿನ ಹಾಗೇ ಕೂತವನು. ನನ್ನ ಹೆಂಡತಿ ಅದಕ್ಕೆ "ಹೆಸರು ಓದುವ ಹಬ್ಬ" ಎಂದೇ ಕರೆಯುತ್ತಿದ್ದಳು. ಹಬ್ಬದ ದಿನ ತರಕಾರಿ ಹೆಚ್ಚುವುದಕ್ಕೂ ನಾನು ಸಿಗುತ್ತಿರಲಿಲ್ಲ.

ನಿಮ್ಮ ಮಗ ನೋಡಿದ್ದು ಎನ್‌ಎಫ್‌ಎಲ್, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಡ್ರಾಫ್ಟ್. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ ಬಂದ ಹುಡುಗರನ್ನು ಲೀಗಿನ 32 ತಂಡಗಳು ಹಂಚಿಕೊಳ್ಳುವ ಕೆಲಸ. ಹರಾಜು ಅಲ್ಲ. ಹರಾಜಿನಲ್ಲಿ ಜಾಸ್ತಿ ದುಡ್ಡು ಕೂಗಿದವನಿಗೆ ಆಟಗಾರ. ಇಲ್ಲಿ ಯಾರೂ ಕೂಗುವುದಿಲ್ಲ, ಬರೀ ಸರದಿ. ಹೋದ ವರ್ಷ ಎಲ್ಲರಿಗಿಂತ ಜಾಸ್ತಿ ಸೋತ ತಂಡಕ್ಕೆ ಮೊದಲ ಸರದಿ. ಕಪ್ ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. ಬೇಕಾದರೆ ತಂಡಗಳು ಸರದಿಗಳನ್ನೇ ಅದಲುಬದಲು ಮಾಡಿಕೊಳ್ಳಬಹುದು. 1936ರಿಂದ ಇದು ನಡೆದು ಬಂದಿದೆ. ಯಾವ ತಂಡಕ್ಕೆ ಹೋಗಬೇಕು ಎಂದು ಹುಡುಗನನ್ನು ಯಾರೂ ಕೇಳುವುದಿಲ್ಲ.

ಇನ್ನು ಸಿಸ್ಟಂ. ಚೆಂಡು ಯಾರ ಕೈಯಲ್ಲಿದೆಯೋ ಅವರ 11 ಜನ ಅಫೆನ್ಸ್. ನಾಲ್ಕು ಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಯತ್ನ ಸಿಗುತ್ತದೆ. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಯತ್ನಕ್ಕೂ ಮೊದಲೇ ಬರೆದಿಟ್ಟ ನಕ್ಷೆ ಇರುತ್ತದೆ. ಯಾರು ಎಷ್ಟು ಹೆಜ್ಜೆ ಓಡಿ ಎಲ್ಲಿ ತಿರುಗಬೇಕು, ಯಾರು ಯಾರನ್ನು ತಡೆಯಬೇಕು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಎಷ್ಟು ಹೆಜ್ಜೆ ಹಿಂದೆ ಬಂದು ಎಸೆಯಬೇಕು, ಎಲ್ಲವೂ ಅದರಲ್ಲಿದೆ. ಕ್ರಿಕೆಟ್‌ನಲ್ಲಿ ಒಬ್ಬನೇ ನಿಂತು ಪಂದ್ಯ ಗೆಲ್ಲಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಅದು ಕಷ್ಟ. ಹನ್ನೊಂದರಲ್ಲಿ ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೆ ಮಿಕ್ಕ ಹತ್ತು ಜನರ ಕೆಲಸ ನೀರಿಗೆ ಹೋಯಿತು. ಇಂಥ ನಕ್ಷೆಗಳ ಹಿಂದೆ ಒಬ್ಬೊಬ್ಬ ಕೋಚ್‌ಗೆ ಒಂದೊಂದು ಮೂಲ ಯೋಚನೆ ಇರುತ್ತದೆ. ಅದೇ ಸಿಸ್ಟಂ.

ನಿಮ್ಮ ಕೊನೆಯ ಪ್ರಶ್ನೆಗೆ ಬಿಲ್ ವಾಲ್ಷ್ ಕಥೆ ಹೇಳುವುದೇ ಸರಿ. ನಾನು 1984ರಲ್ಲಿ ಮೌಂಟನ್ ವ್ಯೂಗೆ ಹೋಗಿ ಇಳಿದಾಗ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡಕ್ಕೆ ಅವರೇ ಕೋಚ್. ಬೆಳ್ಳಿ ಕೂದಲು, ಮೇಷ್ಟ್ರ ಮುಖ. ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನವನು ಮೊದಲ ಸಲ ಆ ತಂಡದ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ಗೆ ಕರೆದುಕೊಂಡು ಹೋದ. ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು ಎಂದುಕೊಂಡು ನಾನು ಬರೀ ಶರ್ಟ್‌ನಲ್ಲಿ ಹೋಗಿದ್ದೆ. ಕೊಲ್ಲಿಯ ಕಡೆಯಿಂದ ಬೀಸಿದ ಆ ಗಾಳಿಗೆ ಹಲ್ಲು ಕಟಕಟ ಅಂದಿದ್ದು ಇವತ್ತಿಗೂ ನೆನಪಿದೆ. ಆಟ ಅರ್ಥವಾಗಲಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಸೆಯುವವನು ಚೆಂಡು ಬಿಟ್ಟಾಗ ಹಿಡಿಯುವವನು ಇನ್ನೂ ಆ ಕಡೆ ಮುಖ ಮಾಡಿ ಓಡುತ್ತಿದ್ದ. ತಿರುಗಿದ, ಚೆಂಡು ಎದೆಗೆ ಬಂದಿತ್ತು.

ವಾಲ್ಷ್ ಸಿಸ್ಟಂ ಅದೇ. ದೂರಕ್ಕೆ ಎಸೆಯುವ ಬದಲು ಹತ್ತಿರಕ್ಕೆ, ಬೇಗ, ಲೆಕ್ಕ ಹಾಕಿ ಎಸೆಯುವುದು. ಎಂಟು ಗಜದಲ್ಲಿ ಹಿಡಿದವನು ಮುಂದೆ ಓಡಿ ಅದನ್ನು ಇಪ್ಪತ್ತು ಮಾಡುತ್ತಾನೆ. ಆಮೇಲೆ ಜನ ಇದಕ್ಕೆ ವೆಸ್ಟ್ ಕೋಸ್ಟ್ ಅಫೆನ್ಸ್ ಎಂದು ಹೆಸರಿಟ್ಟರು. ತಮಾಷೆ ಏನೆಂದರೆ ಅದು ಹುಟ್ಟಿದ್ದು ಪಶ್ಚಿಮ ಕರಾವಳಿಯಲ್ಲೇ ಅಲ್ಲ, ಒಹಾಯೊದ ಸಿನ್ಸಿನಾಟಿಯಲ್ಲಿ. ಅಲ್ಲಿ ವಾಲ್ಷ್ ಸಹಾಯಕ ಕೋಚ್ ಆಗಿದ್ದರು. 1969ರಲ್ಲಿ ಗ್ರೆಗ್ ಕುಕ್ ಎಂಬ ಹುಡುಗ ಬಂದ. ಫಿರಂಗಿಯಂಥ ತೋಳು. ಮೊದಲ ವರ್ಷವೇ ಭುಜ ಹಾಳಾಯಿತು. 1970ರಲ್ಲಿ ಅವನ ಜಾಗಕ್ಕೆ ಸಿಕ್ಕಿದವನು ವರ್ಜಿಲ್ ಕಾರ್ಟರ್. ದೂರ ಎಸೆಯುವ ಶಕ್ತಿ ಇಲ್ಲ. ಆದರೆ ಗುರಿ ಚೆನ್ನಾಗಿತ್ತು, ತಲೆ ಚುರುಕಾಗಿತ್ತು. ಎಷ್ಟು ಚುರುಕು ಅಂದರೆ, ಮೈದಾನದ ಯಾವ ಜಾಗದಲ್ಲಿ ಚೆಂಡಿದ್ದರೆ ಎಷ್ಟು ಅಂಕದ ಬೆಲೆ ಎಂಬ ಬಗ್ಗೆ 1971ರಲ್ಲಿ ಒಬ್ಬ ಪ್ರೊಫೆಸರ್ ಜೊತೆ ಸೇರಿ ಪ್ರಬಂಧವನ್ನೇ ಬರೆದ! ವಾಲ್ಷ್ ಹೊಸ ತೋಳು ಹುಡುಕುತ್ತಾ ಕೂರಲಿಲ್ಲ. ಈ ತೋಳಿಗೆ ಆಗುವಂಥ ಆಟ ಬರೆದರು. ಅಂದರೆ ಮೊದಲು ಬಂದವನು ಆಟಗಾರ. ಸಿಸ್ಟಂ ಬಂದಿದ್ದು ಆಮೇಲೆ.

1979ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊಗೆ ಮುಖ್ಯ ಕೋಚ್ ಆಗಿ ಬಂದಾಗ ತಂಡ ಹಿಂದಿನ ವರ್ಷ 16ರಲ್ಲಿ 14 ಪಂದ್ಯ ಸೋತಿತ್ತು. ಆ ವರ್ಷದ ಡ್ರಾಫ್ಟ್‌ನಲ್ಲಿ ಮೂರು ಕ್ವಾರ್ಟರ್‌ಬ್ಯಾಕ್‌ಗಳು ಮೊದಲ ಸುತ್ತಿನಲ್ಲೇ ಹೋದರು. ಜೋ ಮೊಂಟಾನಾ ಉಳಿದ. ಸಪೂರ ಮೈ, ತೋಳಿನಲ್ಲಿ ಅಂಥ ಬಲ ಇಲ್ಲ ಎಂದು ಎಲ್ಲರ ದೂರು. ವಾಲ್ಷ್‌ಗೆ ಬೇಕಾಗಿದ್ದು ಬಲ ಅಲ್ಲ. ಹಗುರ ಹೆಜ್ಜೆ, ಸರಿಯಾದ ಹೊತ್ತು, ಗಾಬರಿ ಬೀಳದ ಮನಸ್ಸು. ಮೂರನೇ ಸುತ್ತು, 82ನೇ ಹೆಸರು.

ಅದೇ ಡ್ರಾಫ್ಟ್‌ನಲ್ಲಿ ಇನ್ನೊಬ್ಬ ಸಿಕ್ಕ ರೀತಿ ನನಗೆ ಇನ್ನೂ ಇಷ್ಟ. ಸ್ಟೀವ್ ಫುಲ್ಲರ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಲು ವಾಲ್ಷ್ ಕ್ಲೆಮ್ಸನ್ ಕಾಲೇಜಿಗೆ ಹೋಗಿದ್ದರು. ಫೋನ್ ಮಾಡಿದರೆ ಎತ್ತಿದವನು ರೂಮ್‌ಮೇಟ್ ಡ್ವೈಟ್ ಕ್ಲಾರ್ಕ್. ನೀನೂ ಬಾ, ಅವನು ಎಸೆದ ಚೆಂಡು ಹಿಡಿಯೋಕೆ ಯಾರಾದರೂ ಬೇಕಲ್ಲ, ಎಂದು ಕರೆದರು. ಎಸೆಯುವವನನ್ನು ನೋಡಲು ಹೋದವರಿಗೆ ಹಿಡಿಯುವವನು ಹಿಡಿಸಿದ. ಹತ್ತನೇ ಸುತ್ತಿನಲ್ಲಿ 249ನೆಯವನಾಗಿ ಅವನನ್ನು ತೆಗೆದುಕೊಂಡರು. ಆಗೆಲ್ಲ 12 ಸುತ್ತು ಇರುತ್ತಿತ್ತು.

1982ರ ಜನವರಿ 10. ಡಲ್ಲಾಸ್ ವಿರುದ್ಧ ಸೆಮಿಫೈನಲ್‌ನಂಥ ಪಂದ್ಯ, ಒಂದು ನಿಮಿಷವೂ ಉಳಿದಿಲ್ಲ, ದಾಟಿದರೆ ಅಂಕ ಸಿಗುವ ಗೆರೆಗೆ ಆರು ಗಜ. ಮೊದಲು ಹಿಡಿಯಬೇಕಾದವನು ಜಾರಿದ. ಮೂವರು ಅಟ್ಟಿಸಿಕೊಂಡು ಬರುತ್ತಿದ್ದಾರೆ. ಮೊಂಟಾನಾ ಎತ್ತರಕ್ಕೆ ಎಸೆದ. ಹಿಂದಿನ ಗೆರೆ ಹತ್ತಿರ ಕ್ಲಾರ್ಕ್ ನೆಗೆದು ಬೆರಳ ತುದಿಯಲ್ಲಿ ಹಿಡಿದ. 28-27. ಎರಡು ವಾರ ಬಿಟ್ಟು ಕಪ್ಪೂ ಬಂತು. 82ನೆಯವನು ಎಸೆದಿದ್ದು, 249ನೆಯವನು ಹಿಡಿದಿದ್ದು. ಇವರಿಬ್ಬರು ಬೇರೆ ಕೋಚ್‌ಗಳ ಕೈಗೆ ಬಿದ್ದಿದ್ದರೆ ಏನಾಗುತ್ತಿದ್ದರೋ, ನನಗಂತೂ ಅನುಮಾನವೇ.

ನಿಮ್ಮ ಮಗ ಕೂಗಾಡಿದ್ದು ಇದಕ್ಕೇ ತಾಯಿ. ಅವನು ಕೂಗಾಡಿದ್ದು ಸರಿಯೋ ತಪ್ಪೋ ಗೊತ್ತಾಗಲು ಮೂರು ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ಏಪ್ರಿಲ್‌ನಲ್ಲೂ ಕೂಗಾಡುತ್ತಾನೆ.

ಪ್ರಶ್ನೆ: ಚೆಂಡು ಹಿಡಿದು ಓಡುತ್ತಾರೆ, ಕೈಯಲ್ಲಿ ಎಸೆಯುತ್ತಾರೆ. ಕಾಲಲ್ಲಿ ಒದೆಯುವುದೇ ಅಪರೂಪ. ಇದಕ್ಕೆ ಫುಟ್‌ಬಾಲ್ ಅನ್ನುವುದಕ್ಕೆ ನಾಚಿಕೆಯಾಗುವುದಿಲ್ಲವೇ?
— ಓದುಗರು, ಉಡುಪಿ

ಉತ್ತರ: ಆಗುವುದಿಲ್ಲ. ರಗ್ಬಿಯ ಹೊಟ್ಟೆಯಲ್ಲಿ ಹುಟ್ಟಿದ ಆಟ ಇದು. ರಗ್ಬಿಯೂ ಫುಟ್‌ಬಾಲ್ ಮನೆತನದ್ದೇ. ಮನೆತನದ ಹೆಸರು ಉಳಿಸಿಕೊಂಡಿದೆ, ಅಷ್ಟೇ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ತಂಡಕ್ಕೆ ಹುಡುಗರನ್ನು ಆರಿಸುವಾಗ ಎತ್ತರ, ತೂಕ, ನೂರು ಮೀಟರ್ ಓಟ ನೋಡುತ್ತೇವೆ. ಹಿಂದಿನ ಸಂಚಿಕೆಯಲ್ಲಿ ನೀವು "ಗಡಿಯಾರ ಎಲ್ಲವನ್ನೂ ಹೇಳುವುದಿಲ್ಲ" ಎಂದು ಬರೆದಿರಿ. ಹಾಗಾದರೆ ಸಿಸ್ಟಂಗೆ ಸರಿಹೋಗುವವನನ್ನು ಅಳೆಯುವುದು ಹೇಗೆ ಸಾರ್?
— ಶಿಕ್ಷಕರು, ಧಾರವಾಡ

ಉತ್ತರ: ಸಾರ್, ಅಲ್ಲೂ ಅಳೆಯುತ್ತಾರೆ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನೆಲ್ಲ ಸೇರಿಸಿ 40 ಗಜ ಓಡಿಸುತ್ತಾರೆ, ನೆಗೆಸುತ್ತಾರೆ, ತೂಕ ಎತ್ತಿಸುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಅಂಗೈ ಅಗಲವನ್ನೂ ಅಳೆಯುತ್ತಾರೆ. ತಪ್ಪಲ್ಲ. ಆದರೆ ಆ ಅಂಕಿಯನ್ನು ಯಾವ ಕೆಲಸಕ್ಕೆ ಓದಬೇಕು ಎಂಬುದು ಮುಖ್ಯ.

ಜೆರ್ರಿ ರೈಸ್ ಮಿಸಿಸಿಪಿಯ ಹಳ್ಳಿ ಹುಡುಗ. ಅಪ್ಪ ಗಾರೆ ಕೆಲಸದವರು. ಬೇಸಿಗೆಯಲ್ಲಿ ಅಪ್ಪನ ಜೊತೆ ಹೋಗಿ, ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದ. ಮಿಸಿಸಿಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ಆಡಿದ. 1984ರಲ್ಲಿ ಪಂದ್ಯಕ್ಕೆಂದು ಹ್ಯೂಸ್ಟನ್‌ಗೆ ಹೋಗಿದ್ದ ವಾಲ್ಷ್ ಹೋಟೆಲ್ ಕೋಣೆಯ ಟಿವಿಯಲ್ಲಿ ಅವನ ಆಟದ ತುಣುಕು ನೋಡಿದರು. ಆದರೆ 40 ಗಜದ ಓಟದಲ್ಲಿ ಅವನು ಮಿಂಚೇನೂ ಅಲ್ಲ. ಬರೀ ಗಡಿಯಾರ ನೋಡಿದವರು ಹಿಂಜರಿದರು.

ಗಡಿಯಾರ ಅಳೆದಿದ್ದು ಬಗ್ಗಿ ನಿಂತು ಶುರು ಮಾಡಿ ನೆಟ್ಟಗೆ ಓಡುವ ವೇಗ. ವಾಲ್ಷ್‌ಗೆ ಬೇಕಾಗಿದ್ದು ಬೇರೆ: ಓಡುತ್ತಲೇ ತಿರುಗಬೇಕು, ತಿರುಗುವಾಗ ವೇಗ ಇಳಿಯಬಾರದು, ಚೆಂಡು ಕೈಗೆ ಬಂದಮೇಲೆ ಮತ್ತೆ ವೇಗ ಏರಬೇಕು. ಹಿಡಿದಮೇಲೆ ಓಡುವುದೇ ಆ ಸಿಸ್ಟಂನ ಜೀವ ಎಂದು ಮೇಲೆ ಹೇಳಿದೆನಲ್ಲ. ರೈಸ್‌ನನ್ನು ಹಿಂದಿನಿಂದ ಬಂದು ಹಿಡಿದವರನ್ನು ನಾನು ಕಂಡಿದ್ದು ಬಹಳ ಕಡಿಮೆ. 1985ರಲ್ಲಿ ಫಾರ್ಟಿನೈನರ್ಸ್ ಚಾಂಪಿಯನ್ನರು, ಹಾಗಾಗಿ ಸರದಿ ಕೊನೆಯದು, 28 (ಆಗ ಲೀಗಿನಲ್ಲಿದ್ದುದು 28 ತಂಡ). ತಮ್ಮ ಎರಡನೇ ಸುತ್ತಿನ ಸರದಿಯನ್ನೂ ಸೇರಿಸಿ ನ್ಯೂ ಇಂಗ್ಲೆಂಡ್ ತಂಡಕ್ಕೆ ಕೊಟ್ಟು 16ಕ್ಕೆ ಏರಿ ರೈಸ್‌ನನ್ನು ಕರೆದರು. ಅವನಿಗಿಂತ ಮೊದಲು ಇಬ್ಬರು ರಿಸೀವರ್‌ಗಳು, ಅಂದರೆ ಚೆಂಡು ಹಿಡಿಯುವವರು, ಹೋಗಿದ್ದರು.

ಕಥೆ ಇಲ್ಲಿಗೇ ಮುಗಿದು ಸಿಹಿ ಹಂಚಿದರು ಎಂದುಕೊಳ್ಳಬೇಡಿ. ಮೊದಲ ಕೆಲವು ತಿಂಗಳು ಚೆಂಡು ಕೈಜಾರಿಸಿದ್ದೇ ಜಾರಿಸಿದ್ದು. ಕ್ಯಾಂಡಲ್‌ಸ್ಟಿಕ್‌ನಲ್ಲಿ ಜನ ಊ ಎಂದು ಕೂಗಿದರು. ನಾನು ಕೂಗಲಿಲ್ಲ, ಆದರೆ ಚೆನ್ನಾಗಿ ಗೊಣಗಿದೆ. ನಕ್ಷೆಗಳ ಪುಸ್ತಕ ಅಷ್ಟು ದಪ್ಪ. ತಲೆಯಲ್ಲಿ ಹೆಜ್ಜೆ ಎಣಿಸುತ್ತಿದ್ದವನ ಕೈಗೆ ಚೆಂಡು ನಿಲ್ಲುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಒಂದೇ ರಾತ್ರಿ 241 ಗಜ ಗಳಿಸಿದ. ಪಂದ್ಯ ಸೋತೆವು, ಆದರೂ ನಾನು ನಗುತ್ತಾ ಮನೆಗೆ ಬಂದೆ. ಆಟ ಬಿಡುವ ಹೊತ್ತಿಗೆ ಅವನ ಲೆಕ್ಕ: 1,549 ಸಲ ಹಿಡಿದ, 22,895 ಗಜ.

ಇನ್ನೊಂದು ಉದಾಹರಣೆ, ನಿಮ್ಮ ಕೆಲಸಕ್ಕೆ ಹತ್ತಿರದ್ದು. ರೋಜರ್ ಕ್ರೇಗ್ ನೆಬ್ರಾಸ್ಕಾದಲ್ಲಿ ಚೆಂಡು ಹಿಡಿದು ಓಡುವವನು. ಆ ಕಾಲೇಜಿನ ಆಟದಲ್ಲಿ ಅವನಿಗೆ ಚೆಂಡು ಎಸೆಯುತ್ತಿದ್ದುದೇ ಅಪರೂಪ. ಅಲ್ಲಿನ ಅಂಕಿ ನೋಡಿದರೆ ಇವನಿಗೆ ಹಿಡಿಯಲು ಬರುತ್ತದೋ ಇಲ್ಲವೋ ಗೊತ್ತಾಗುವುದೇ ಇಲ್ಲ. 1983ರಲ್ಲಿ ಎರಡನೇ ಸುತ್ತಿನಲ್ಲಿ ತೆಗೆದುಕೊಂಡರು. 1985ರಲ್ಲಿ ಓಡಿ 1,050 ಗಜ, ಹಿಡಿದು 1,016 ಗಜ. ಒಂದೇ ಋತುವಿನಲ್ಲಿ ಎರಡರಲ್ಲೂ ಸಾವಿರ ದಾಟಿದ ಮೊದಲನೆಯವನು ಅವನೇ. ನಿಮ್ಮ ಶಾಲೆಯಲ್ಲೂ ಯಾರೂ ಕೆಲಸ ಹೇಳದ್ದರಿಂದಲೇ ಬಾರದವನಂತೆ ಕಾಣುವ ಹುಡುಗ ಇರಬಹುದು. ಒಂದು ಸಲ ಚೆಂಡು ಎಸೆದು ನೋಡಿ.

ಅಗ್ಗಕ್ಕೆ ಸಿಗುವುದೂ ಮುಖ್ಯ ಸಾರ್, ಅದನ್ನು ಬಿಟ್ಟು ಮಾತಾಡಬಾರದು. 1994ರಿಂದ ಪ್ರತಿ ತಂಡದ ಸಂಬಳಕ್ಕೆ ಮೇಲ್ಮಿತಿ ಇದೆ. ಎಲ್ಲ ಜಾಗಕ್ಕೂ ದುಬಾರಿ ಆಟಗಾರ ಇಟ್ಟುಕೊಳ್ಳಲು ಆಗುವುದಿಲ್ಲ. ಇದರ ಲಾಭವನ್ನು ಚೆನ್ನಾಗಿ ಪಡೆದವರು ಡೆನ್ವರ್‌ನ ಕೋಚ್ ಮೈಕ್ ಶಾನಹನ್. ಅವರ ಸಿಸ್ಟಂನಲ್ಲಿ ಎದುರಾಳಿಯನ್ನು ತಡೆಯಲು ಮುಂದಿನ ಸಾಲಿನಲ್ಲಿ ನಿಲ್ಲುವ ಐದು ಲೈನ್‌ಮ್ಯಾನ್‌ಗಳು ಮುಂದಕ್ಕೆ ನುಗ್ಗುವ ಬದಲು ಎಲ್ಲರೂ ಒಟ್ಟಿಗೆ ಒಂದೇ ಪಕ್ಕಕ್ಕೆ ಸರಿಯುತ್ತಾರೆ. ಓಡುವವನು ಹಿಂದೆಯೇ ಹೋಗಿ, ಸಂದು ಕಂಡ ಕೂಡಲೇ ಒಂದೇ ಒಂದು ತಿರುವು ತೆಗೆದುಕೊಂಡು ನುಗ್ಗಬೇಕು. ಕುಣಿಯುವ ಹಾಗಿಲ್ಲ. ಇದಕ್ಕೆ ಬೆಟ್ಟದಂಥ ಲೈನ್‌ಮ್ಯಾನ್‌ಗಳು ಬೇಡ, ಕಾಲು ಹಗುರ ಇರುವವರು ಬೇಕು. ಬೇರೆಯವರು "ಸಣ್ಣಗಾದ" ಎಂದು ಬಿಟ್ಟವರು ಇವರಿಗೆ ಸರಿ. ಸಾಲಿನ ನಡುವೆ ನಿಲ್ಲುತ್ತಿದ್ದ ಟಾಮ್ ನೇಲನ್ ಏಳನೇ ಸುತ್ತಿನವನು. ಓಡುತ್ತಿದ್ದ ಟೆರೆಲ್ ಡೇವಿಸ್ 1995ರಲ್ಲಿ ಆರನೇ ಸುತ್ತಿನಲ್ಲಿ 196ನೆಯವನು. 1998ರಲ್ಲಿ ಅವನು ಓಡಿದ್ದು 2,008 ಗಜ. ಅವನ ಮಂಡಿ ಹೋಯಿತು. 2000ದಲ್ಲಿ ಮೈಕ್ ಆಂಡರ್ಸನ್ ಬಂದ, ಅವನೂ ಆರನೇ ಸುತ್ತು, ಮೊದಲ ವರ್ಷವೇ 1,487 ಗಜ. ಆಗ ಜನ ಆಟಗಾರನನ್ನು ಬಿಟ್ಟು ಸಿಸ್ಟಂನ್ನೇ ಹೊಗಳಲು ಶುರು ಮಾಡಿದರು. ಡೇವಿಸ್ ವಿಷಯದಲ್ಲಿ ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮಿಕ್ಕವರು ಸಾವಿರ ದಾಟಿದರು, ಅವನು ಎರಡು ಸಾವಿರ ದಾಟಿದ.

ಪ್ರಶ್ನೆ: ಆಟಗಾರರನ್ನು ಆರಿಸುವುದು ಕೋಚಾ, ಮಾಲೀಕನಾ?
— ಓದುಗರು, ಬಳ್ಳಾರಿ

ಉತ್ತರ: ತಂಡಕ್ಕೊಂದು ಪದ್ಧತಿ. ಜಗಳವಂತೂ ಎಲ್ಲ ಕಡೆ. 1996ರಲ್ಲಿ ನ್ಯೂ ಇಂಗ್ಲೆಂಡ್ ಕೋಚ್ ಬಿಲ್ ಪಾರ್ಸೆಲ್ಸ್ ಡಿಫೆನ್ಸ್ ಆಟಗಾರ ಬೇಕು ಅಂದರು. ಮಾಲೀಕರ ಕಡೆಯವರು ಏಳನೇ ಸರದಿಯಲ್ಲಿ ಟೆರ್ರಿ ಗ್ಲೆನ್ ಎಂಬ ರಿಸೀವರ್‌ನನ್ನು ಕರೆದರು. ಋತು ಮುಗಿದ ಮೇಲೆ ಪಾರ್ಸೆಲ್ಸ್ ತಂಡ ಬಿಟ್ಟರು. ಬಿಡುವಾಗ ಹೇಳಿದ್ದರ ಸಾರ ಇಷ್ಟು: ಅಡುಗೆ ಮಾಡು ಅಂದಮೇಲೆ ಸಾಮಾನು ತರಲೂ ನನ್ನನ್ನೇ ಕಳಿಸಬೇಕು. ಅಮೆರಿಕದಲ್ಲಿ ಈ ಮಾತು ಗಾದೆಯೇ ಆಗಿದೆ. ಯಾರೂ ಜಾಸ್ತಿ ನೆನಪಿಸಿಕೊಳ್ಳದ ವಿಷಯ ಏನೆಂದರೆ, ಅವರು ಬೇಡ ಅಂದ ಗ್ಲೆನ್ ಆ ವರ್ಷ 90 ಚೆಂಡು ಹಿಡಿದ. ತಂಡ ಸೂಪರ್ ಬೌಲ್ ಎಂಬ ಲೀಗಿನ ಫೈನಲ್‌ವರೆಗೂ ಹೋಯಿತು. ಬೇರೆಯವರು ತಂದ ಬದನೆಕಾಯಲ್ಲೂ ಎಣ್ಣೆಗಾಯಿ ಚೆನ್ನಾಗಿಯೇ ಆಗಿತ್ತು.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಕಲಿತದ್ದು ಒಂದು, ಮಾಡಿಸುತ್ತಿರುವುದು ಇನ್ನೊಂದು. ಹಾಗಾಗಿ ಈ "ಸಿಸ್ಟಂಗೆ ತಕ್ಕ ಆಟಗಾರ" ಅನ್ನುವ ಮಾತು ಕೇಳಿದರೇ ಮೈ ಉರಿಯುತ್ತದೆ. ಪ್ರತಿಭೆ ಇರುವವನಿಗೆ ತಕ್ಕಂತೆ ಸಿಸ್ಟಂ ಬದಲಾಗಬೇಕಲ್ಲವೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಉರಿ ನನಗೆ ಗೊತ್ತು. ನನ್ನನ್ನು ಅನಲಾಗ್ ಸರ್ಕ್ಯೂಟ್ ಬರೆಯಲೆಂದು ತೆಗೆದುಕೊಂಡ ಒಂದು ಕಂಪನಿ ಮೂರನೇ ತಿಂಗಳಿಗೆ ಟೆಸ್ಟಿಂಗ್ ಬೆಂಚಿನಲ್ಲಿ ಕೂರಿಸಿತು. ಬೆಳಗ್ಗೆಯಿಂದ ಸಂಜೆವರೆಗೆ ಚಿಪ್ ಹಾಕು, ತೆಗಿ, ಬರೆದುಕೋ. ಎರಡು ವರ್ಷ. ಮ್ಯಾನೇಜರ್ ಕೇಳಿದಾಗಲೆಲ್ಲ "ಸದ್ಯಕ್ಕೆ ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನುತ್ತಿದ್ದರು. ಸದ್ಯಕ್ಕೆ ಅನ್ನುವ ಪದವನ್ನು ಇವತ್ತಿಗೂ ನಾನು ನಂಬುವುದಿಲ್ಲ.

ಸಿಸ್ಟಂನ್ನು ಜಾಸ್ತಿ ನಂಬಿ ಕೆಟ್ಟವರಿಗೆ ಚಿಪ್ ಕೆಲ್ಲಿಗಿಂತ ಒಳ್ಳೆ ಉದಾಹರಣೆ ಇಲ್ಲ. ಒರೆಗಾನ್ ಕಾಲೇಜಿನಲ್ಲಿ ಮಿಂಚಿನ ವೇಗದ ಆಟ ಆಡಿಸಿ ಹೆಸರು ಮಾಡಿದವರು. ಒಂದು ಯತ್ನ ಮುಗಿದು ಎದುರಾಳಿ ಉಸಿರು ತೆಗೆದುಕೊಳ್ಳುವುದರೊಳಗೆ ಇನ್ನೊಂದು. 2013ರಲ್ಲಿ ಫಿಲಡೆಲ್ಫಿಯಾಗೆ ಬಂದರು. ಎರಡು ವರ್ಷವೂ 10 ಗೆಲುವು, 6 ಸೋಲು. ಚೆನ್ನಾಗಿಯೇ ಇತ್ತು. ಈ ನಡುವೆ ತಂಡದ ಅತಿ ವೇಗದ ರಿಸೀವರ್ ಡಿಶಾನ್ ಜ್ಯಾಕ್ಸನ್‌ನನ್ನು ಬಿಟ್ಟುಕೊಟ್ಟಾಗಿತ್ತು. 2015ಕ್ಕೆ ಆಟಗಾರರನ್ನು ಆರಿಸುವ ಅಧಿಕಾರವೂ ಪೂರ್ತಿ ಅವರ ಕೈಗೆ ಬಂತು. ಎರಡೇ ವರ್ಷದ ಹಿಂದೆ ಲೀಗಿನಲ್ಲೇ ಎಲ್ಲರಿಗಿಂತ ಜಾಸ್ತಿ ಓಡಿದ್ದ ಲಶಾನ್ ಮಕಾಯ್‌ನನ್ನು ಬಫಲೊಗೆ ಕಳಿಸಿ, ತಾವು ಒರೆಗಾನ್‌ನಲ್ಲಿ ಆಡಿಸಿದ್ದ ಕೀಕೊ ಅಲೊನ್ಸೊನನ್ನು ತಂದರು. ಹುಡುಗರಲ್ಲೂ ಒರೆಗಾನ್ ಕಡೆಯವರ ಮೇಲೆ ಒಲವು. ಋತು ಮುಗಿಯಲು ಒಂದು ಪಂದ್ಯ ಇರುವಾಗಲೇ ಅವರನ್ನು ತೆಗೆದರು. ಆಗ 6 ಗೆಲುವು, 9 ಸೋಲು. ಮುಂದಿನ ವರ್ಷ ಅವರನ್ನು ಕರೆತಂದಿದ್ದು ಯಾರು ಗೊತ್ತೇ? ನಮ್ಮ ಫಾರ್ಟಿನೈನರ್ಸೇ! 2 ಗೆಲುವು, 14 ಸೋಲು. ಅಷ್ಟೊತ್ತಿಗೆ ನಾನು ಮೈಸೂರಿಗೆ ಬಂದಾಗಿತ್ತು, ಪುಣ್ಯ.

ಇದರ ಎದುರು ಬಾಲ್ಟಿಮೋರ್ ಇಡಿ. 2018ರಲ್ಲಿ ಲಮಾರ್ ಜ್ಯಾಕ್ಸನ್ ಡ್ರಾಫ್ಟ್‌ಗೆ ಬಂದ. ಕಾಲೇಜು ಆಟದ ಅತಿ ದೊಡ್ಡ ಪ್ರಶಸ್ತಿ ಹೈಸ್ಮನ್ ಗೆದ್ದವನು. ಕ್ವಾರ್ಟರ್‌ಬ್ಯಾಕ್ ಆದರೂ ಜಿಂಕೆಯಂತೆ ಓಡುತ್ತಾನೆ. ಇವನು ರಿಸೀವರ್ ಆಗಲಿ ಎಂದು ಪಂಡಿತರು ಬುದ್ಧಿ ಹೇಳಿದರು. ಮೊದಲ ಸುತ್ತಿನ ಕಟ್ಟಕಡೆಯ ಸರದಿಯಲ್ಲಿ, 32ನೆಯವನಾಗಿ ಬಾಲ್ಟಿಮೋರ್ ಕರೆಯಿತು. ಅಲ್ಲಿದ್ದ ಜೋ ಫ್ಲಾಕೊ ನಿಂತಲ್ಲೇ ನಿಂತು ದೂರಕ್ಕೆ ಎಸೆಯುವವನು. ಇವನು ಪೂರ್ತಿ ಉಲ್ಟಾ. ಕೋಚ್ ಜಾನ್ ಹಾರ್ಬಾ ಹಳೆಯ ಪುಸ್ತಕ ಮಡಚಿಟ್ಟರು. 2019ಕ್ಕೆ ಗ್ರೆಗ್ ರೋಮನ್ ಕೈಗೆ ಅಫೆನ್ಸ್ ಕೊಟ್ಟು, ಇವನ ಕಾಲಿನ ಸುತ್ತ ಹೊಸ ಆಟ ಬರೆಸಿದರು. ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಟೈಟ್ ಎಂಡ್‌ಗಳು ಮೂವರನ್ನು ಒಟ್ಟಿಗೆ ಇಳಿಸುತ್ತಿದ್ದರು. ಮುಂದೆ ದಾರಿ ಬಿಡಿಸಲು ಡಿಫೆನ್ಸ್‌ನಲ್ಲಿ ಆಡುತ್ತಿದ್ದ ಪ್ಯಾಟ್ರಿಕ್ ರಿಕಾರ್ಡ್ ಎಂಬ ಭಾರಿ ಆಳು. 14 ಗೆಲುವು, 2 ಸೋಲು. ಇಡೀ ತಂಡ ಓಡಿದ್ದು 3,296 ಗಜ, ಲೀಗಿನ ದಾಖಲೆ. ಅದರಲ್ಲಿ 1,206 ಗಜ ಜ್ಯಾಕ್ಸನ್‌ದೇ. ಅತ್ಯುತ್ತಮ ಆಟಗಾರ ಪ್ರಶಸ್ತಿಗೆ ಒಂದು ಮತವೂ ಆಚೀಚೆ ಹೋಗಲಿಲ್ಲ.

ಹಾಗಾದರೆ ನೀವು ಗೆದ್ದಿರಿ, ಅಲ್ವಾ? ಅರ್ಧ ಮಾತ್ರ. ಆ ಹೊಸ ಆಟ ಬರೆದ ಮೇಲೆ ಮಿಕ್ಕ ಹತ್ತು ಜನರನ್ನು ಅದಕ್ಕೆ ತಕ್ಕಂತೆಯೇ ಹುಡುಕಬೇಕಾಯಿತು. ಒಬ್ಬ ಜ್ಯಾಕ್ಸನ್‌ಗಾಗಿ ಬಾಗಬಹುದು. ತಂಡದ 53 ಜನಕ್ಕೂ ಬಾಗಲು ಯಾವ ಕೋಚ್‌ಗೂ ಬೆನ್ನಿಲ್ಲ. ನೀವು ಜ್ಯಾಕ್ಸನ್ನೋ ಮಿಕ್ಕ ಹತ್ತರಲ್ಲಿ ಒಬ್ಬರೋ ನನಗೆ ಗೊತ್ತಿಲ್ಲ. ನಾನಂತೂ ಜ್ಯಾಕ್ಸನ್ ಆಗಿರಲಿಲ್ಲ. ಕಂಪನಿ ಬದಲಾಯಿಸಿದೆ, ಅಲ್ಲಿ ನನಗೆ ಬರುವ ಕೆಲಸವೇ ಸಿಕ್ಕಿತು.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಬ್ರಾಕ್ ಪರ್ಡಿ ಆರನೇ ಸುತ್ತಿನ ಆಟಗಾರ ಎಂದು ಬರೆದಿದ್ದೀರಿ. ತಪ್ಪು. ಇನ್ನೊಂದು ಸಲ ನೋಡಿ ಬರೆಯಿರಿ.
— ಓದುಗರು, ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ

ಉತ್ತರ: ತಪ್ಪೇ. ಫಾರ್ಟಿನೈನರ್ಸ್ ಪರ್ಡಿಯನ್ನು ಕ್ವಾರ್ಟರ್‌ಬ್ಯಾಕ್ ಆಗಿ ಕರೆದಿದ್ದು 2022ರ ಏಳನೇ ಸುತ್ತಿನಲ್ಲಿ, 262ನೇ ಹೆಸರು. ಇಡೀ ಡ್ರಾಫ್ಟ್‌ನಲ್ಲೇ ಕೊನೆಯವನು. ಕೊನೆಯವನಿಗೆ "ಲೆಕ್ಕಕ್ಕಿಲ್ಲದ ಮಹಾಶಯ" ಎಂಬ ಅರ್ಥದ ಅಡ್ಡಹೆಸರೇ ಅಲ್ಲಿದೆ. ಅಂಥವನನ್ನು ಒಂದು ಸುತ್ತು ಮೇಲೆ ತಂದು ಕೂರಿಸಿದ್ದಕ್ಕೆ ಕ್ಷಮೆ ಇರಲಿ.

ನೀವು ನೆನಪಿಸಿದ್ದು ಒಳ್ಳೆಯದೇ ಆಯಿತು. ಒಂದು ವರ್ಷ ಮುಂಚೆ, 2021ರಲ್ಲಿ, ಇದೇ ಫಾರ್ಟಿನೈನರ್ಸ್ ಮೂರು ಮೊದಲ ಸುತ್ತಿನ ಸರದಿಗಳನ್ನು ಸುರಿದು ಮೂರನೇ ಸ್ಥಾನಕ್ಕೆ ಏರಿ ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆದಿದ್ದರು. ಕೋಚ್ ಕೈಲ್ ಶಾನಹನ್, ಡೆನ್ವರ್‌ನ ಮೈಕ್ ಅವರ ಮಗ. ಲ್ಯಾನ್ಸ್‌ಗೆ ಎತ್ತರ, ತೋಳು, ಓಟ ಎಲ್ಲ ಇತ್ತು. ಆಡಿದ್ದು ಮಾತ್ರ ಕಾಲೇಜಿನಲ್ಲಿ ಒಂದೇ ಒಂದು ಪೂರ್ತಿ ಋತು. ಪರ್ಡಿ ಕುಳ್ಳ, ತೋಳು ಸಾಧಾರಣ, ಆದರೆ ಐಯೊವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದವನು. ಶಾನಹನ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಬೇಗ ನೋಡಬೇಕು, ಬೇಗ ಬಿಡಬೇಕು. ಆ ಕಣ್ಣು ಬರುವುದು ಆಡಿ ಆಡಿ. ಲ್ಯಾನ್ಸ್‌ಗೆ ಗಾಯವೂ ಆಯಿತು ಪಾಪ. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಡಲ್ಲಾಸ್‌ಗೆ ಕೊಟ್ಟರು. ಆ ಋತುವಿನಲ್ಲೇ ಪರ್ಡಿ ಅವರನ್ನು ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಕ್ಯಾನ್ಸಸ್ ಸಿಟಿ ಎದುರು ಹೆಚ್ಚುವರಿ ಸಮಯದಲ್ಲಿ 25-22ರಿಂದ ಸೋತೆವು. ಸೋತೆವು ಅನ್ನುತ್ತಿದ್ದೇನೆ ನೋಡಿ, ಇನ್ನೂ ಬಿಟ್ಟಿಲ್ಲ ಹುಚ್ಚು.

ಪ್ರಶ್ನೆ: ತಾತ, ನಾನು ಎಂಟನೇ ಕ್ಲಾಸ್. ನಿಮ್ಮ ಅಂಕಣ ಓದಿ ಈ ಆಟದ ವಿಡಿಯೊ ನೋಡಿದೆ. ಎಲ್ಲರೂ ಡಿಕ್ಕಿ ಹೊಡೆದುಕೊಂಡು ಬೀಳುತ್ತಾರೆ, ಏನೂ ತಿಳಿಯಲ್ಲ. ಎಲ್ಲಿ ನೋಡಬೇಕು?
— ವಿದ್ಯಾರ್ಥಿನಿ, ಚಾಮರಾಜನಗರ

ಉತ್ತರ: ಪುಟ್ಟಿ, ಚೆಂಡು ನೋಡಬೇಡ. ನನಗೂ ಇದು ತಿಳಿಯಲು ಎರಡು ವರ್ಷ ಬೇಕಾಯಿತು. ಟೆರೆಲ್ ಡೇವಿಸ್ ಆಡಿದ ಹಳೆಯ ಡೆನ್ವರ್ ಪಂದ್ಯ ಒಂದು ಹಾಕು. ಶುರುವಿನಲ್ಲಿ ಬಗ್ಗಿ ಕೂತಿರುವ ಐದು ದಪ್ಪ ಮನುಷ್ಯರ ಪಾದ ಮಾತ್ರ ನೋಡು. ಚೆಂಡು ಎದ್ದ ಕೂಡಲೇ ಐದು ಜೋಡಿ ಪಾದವೂ ಒಂದೇ ಕಡೆ ಸರಿಯುತ್ತದೆ, ಕೋಲಾಟದವರ ಹಾಗೆ. ವಿಡಿಯೊ ಅಲ್ಲೇ ನಿಲ್ಲಿಸು. ಡೇವಿಸ್ ಎಲ್ಲಿ ತಿರುಗುತ್ತಾನೆ ಎಂದು ಬೆರಳಿಟ್ಟು ಹೇಳು. ಆಮೇಲೆ ಮತ್ತೆ ಓಡಿಸು. ಹತ್ತರಲ್ಲಿ ಆರು ಸಲ ಸರಿ ಹೇಳಿದರೆ ನನಗೆ ಕಾಗದ ಬರಿ. ಮುಂದಿನ ಏಪ್ರಿಲ್‌ನಲ್ಲಿ ಯಾರನ್ನು ಕರೆಯಬೇಕು ಎಂದು ನಿನ್ನನ್ನೇ ಕೇಳುತ್ತೇನೆ.